ನನ್ನ ನಂಬರ್ ನಿಮಗೆ ಯಾರು ಕೊಟ್ಟರು? ವಿಮಾ ಪ್ರಾಧಿಕಾರದ ಅಧ್ಯಕ್ಷರಿಗೆ ಬೆಂಗಳೂರಿನ ಏಜೆಂಟನೊಬ್ಬನ ಬಹಿರಂಗ ಪತ್ರ

ಗೆ,
ಅಧ್ಯಕ್ಷರು,
ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ,
ಹೈದರಾಬಾದ್.

ವಿಷಯ: ವಿಮಾ ಏಜೆಂಟರಿಗೆ ಆನ್‌ಲೈನ್‌ನಲ್ಲಿ ಲೀಡ್ ಮಾರುವವರನ್ನು ನಿಯಮದ ಚೌಕಟ್ಟಿಗೆ ತರುವ ಕುರಿತು.

ಮಾನ್ಯರೇ,

ನಾನು 2017ರಿಂದ ಬೆಂಗಳೂರಿನ ಬಸವನಗುಡಿ, ಹನುಮಂತನಗರ, ಶ್ರೀನಗರದ ಸುತ್ತಮುತ್ತ ವಿಮಾ ಏಜೆಂಟನಾಗಿ ಕೆಲಸ ಮಾಡುತ್ತಿದ್ದೇನೆ. ಒಂದು ಜೀವ ವಿಮಾ ಕಂಪನಿ ಮತ್ತು ಒಂದು ಆರೋಗ್ಯ ವಿಮಾ ಕಂಪನಿಯ ನೇಮಕಾತಿ ಪತ್ರ ನನ್ನ ಬಳಿ ಇದೆ. ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಇದು ಯಾರ ಕುರಿತಾಗಿದೆಯೋ ಆ ಎರಡು ಬಗೆಯ ಜನ, ಅಂದರೆ ನನ್ನ ಪಾಲಿಸಿದಾರರು ಮತ್ತು ನನ್ನಂಥ ಏಜೆಂಟರು, ಇದನ್ನು ಓದಬೇಕು. ತಮ್ಮ ಕಚೇರಿಯಲ್ಲಿ ಇದನ್ನು ಅನುವಾದಿಸಿಕೊಳ್ಳುವುದು ಕಷ್ಟವಾಗಲಾರದು. ತಮ್ಮ ಇಂಗ್ಲಿಷ್ ಸುತ್ತೋಲೆಗಳನ್ನು ನಾವು ಇಷ್ಟು ವರ್ಷ ಹಾಗೆಯೇ ಓದಿಕೊಂಡು ಬಂದಿದ್ದೇವೆ.

ಲೀಡ್ ಎಂದರೆ ಏನೆಂದು ಹೊರಗಿನವರಿಗಾಗಿ ಮೊದಲು ಹೇಳಿಬಿಡುತ್ತೇನೆ. ಯಾರೋ ಒಬ್ಬರು ಮೊಬೈಲಿನಲ್ಲಿ ಜಾಹೀರಾತೊಂದನ್ನು ನೋಡುತ್ತಾರೆ. ಅದರಲ್ಲಿ ಕಡಿಮೆ ಖರ್ಚಿಗೆ ಒಂದು ಕೋಟಿಯ ರಕ್ಷಣೆ ಎಂದೋ, ಹೊಸ ಸರ್ಕಾರಿ ಆರೋಗ್ಯ ಕಾರ್ಡ್ ಎಂದೋ, ನಿಮ್ಮ ವಯಸ್ಸಿಗೆ ಪ್ರೀಮಿಯಂ ಎಷ್ಟು ನೋಡಿಕೊಳ್ಳಿ ಎಂದೋ ಬರೆದಿರುತ್ತದೆ. ಅವರು ಹೆಸರು, ವಯಸ್ಸು, ಫೋನ್ ನಂಬರ್ ತುಂಬುತ್ತಾರೆ. ಕೆಳಗಿನ ಚೌಕದಲ್ಲಿ ಮೊದಲೇ ಟಿಕ್ ಬಿದ್ದಿರುತ್ತದೆ. ಹೀಗೆ ಸಿಕ್ಕ ಹೆಸರು ಮತ್ತು ನಂಬರನ್ನು ಮಾರಾಟಗಾರ ನಮ್ಮಂಥ ಏಜೆಂಟರಿಗೆ ತಲೆಗೆ ಇಷ್ಟೆಂದು ಮಾರುತ್ತಾನೆ. ಇವತ್ತು ನಿನ್ನೆ ತುಂಬಿದ ಫಾರಂ ‘ಫ್ರೆಶ್ ಲೀಡ್’, ಅದಕ್ಕೆ ಬೆಲೆ ಹೆಚ್ಚು. ಒಬ್ಬರಿಗೇ ಕೊಡುವುದಾದರೆ ‘ಎಕ್ಸ್‌ಕ್ಲೂಸಿವ್’, ಅದಕ್ಕೆ ಇನ್ನೂ ಹೆಚ್ಚು. ನಾಲ್ಕಾರು ತಿಂಗಳು ಕಳೆದು, ಹತ್ತಾರು ಏಜೆಂಟರು ಫೋನ್ ಮಾಡಿ ಬೈಸಿಕೊಂಡ ಹೆಸರುಗಳೆಲ್ಲ ‘ಹಳೇ ಡೇಟಾ’ ಆಗಿ ಕಿಲೋ ಲೆಕ್ಕದ ರದ್ದಿ ಪೇಪರಿನ ಹಾಗೆ ಬಿಕರಿಯಾಗುತ್ತವೆ.

ನಾವು ಇದನ್ನು ಯಾಕೆ ಕೊಳ್ಳುತ್ತೇವೆ ಎಂಬುದನ್ನೂ ಮರೆಮಾಚದೆ ಹೇಳಬೇಕು. ಹೊಸ ಏಜೆಂಟ್ ಬ್ರಾಂಚಿಗೆ ಸೇರಿದ ವಾರದಲ್ಲೇ ಅವನ ಕೈಗೆ ಖಾಲಿ ಹಾಳೆ ಕೊಟ್ಟು, ಪರಿಚಯದ ನೂರು ಜನರ ಹೆಸರು ಬರೆ ಎನ್ನುತ್ತಾರೆ. ಅಕ್ಕ, ಭಾವ, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕುಳಿತವರು, ಹಳೆಯ ಕಾರ್ಖಾನೆಯ ಸಹೋದ್ಯೋಗಿಗಳು ಎಲ್ಲರೂ ಆ ಹಾಳೆಯಲ್ಲಿ ಸೇರುತ್ತಾರೆ. ಒಂದೂವರೆ ವರ್ಷದೊಳಗೆ ಪಟ್ಟಿ ಮುಗಿಯುತ್ತದೆ, ಜೊತೆಗೆ ಅರ್ಧ ನಂಟಸ್ತಿಕೆಯೂ ಮುಗಿದಿರುತ್ತದೆ. ಹಿಂದಿನವರು ಆಮೇಲೆ ಬೀದಿ ಬೀದಿ ಸುತ್ತಿ ಬಾಗಿಲು ತಟ್ಟುತ್ತಿದ್ದರು. ಈಗಿನ ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿಯವನು ಯಾವ ಫ್ಲ್ಯಾಟ್ ಎಂದು ಕೇಳುತ್ತಾನೆ. ಮನೆಯವರು ಆ್ಯಪಿನಲ್ಲಿ ಒಪ್ಪಿಗೆ ಕೊಡದಿದ್ದರೆ ಒಳಗೆ ಹೆಜ್ಜೆ ಇಡುವಂತಿಲ್ಲ. ಅದು ಅವರ ಹಕ್ಕು, ತಪ್ಪೆನ್ನಲಾರೆ. ಆದರೆ ಬಾಗಿಲು ಮುಚ್ಚಿದ ಊರಿನಲ್ಲಿ ಏಜೆಂಟನಿಗೆ ಉಳಿದ ಕಿಂಡಿ ಫೋನ್ ಒಂದೇ, ಮತ್ತು ಆ ಕಿಂಡಿಗೆ ಸುಂಕ ಕಟ್ಟಿಸಿಕೊಳ್ಳುವವನು ಲೀಡ್ ಮಾರಾಟಗಾರ.

ಒಂದು ಫೆಬ್ರವರಿಯಲ್ಲಿ, ಮಾರ್ಚ್ ಎಂಡಿಂಗ್ ಟಾರ್ಗೆಟ್ ತಲೆಯ ಮೇಲಿದ್ದಾಗ, ನಾನು ಒಂದಕ್ಕೆ 90 ರೂಪಾಯಿಯಂತೆ 200 ಲೀಡ್ ಕೊಂಡೆ. ಒಟ್ಟು 18,000 ರೂಪಾಯಿ, ಮುಂಗಡ, ವಾಪಸಿಲ್ಲ. ಎಲ್ಲವೂ ಎಕ್ಸ್‌ಕ್ಲೂಸಿವ್ ಎಂದು ಮಾರಾಟಗಾರ ವಾಟ್ಸ್‌ಆ್ಯಪ್‌ನಲ್ಲಿ ಬರೆದುಕೊಟ್ಟಿದ್ದ. ಪ್ರತಿ ಕರೆಯನ್ನೂ ನಾನು ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದೇನೆ. 47 ನಂಬರ್ ಚಾಲ್ತಿಯಲ್ಲೇ ಇರಲಿಲ್ಲ ಅಥವಾ ಬೇರೆಯವರದಾಗಿತ್ತು. 68 ಮಂದಿ ವಿಮೆ ಎಂಬ ಮಾತು ಕಿವಿಗೆ ಬೀಳುತ್ತಿದ್ದಂತೆ ಕರೆ ಕತ್ತರಿಸಿದರು. 52 ಮಂದಿ, ನಿಮಗಿಂತ ಮೊದಲೇ ಬೇರೆಯವರು ಮಾಡಿದ್ದಾರೆ ಎಂದರು. ಅವರಲ್ಲಿ ವಿದ್ಯಾರಣ್ಯಪುರದ ಒಬ್ಬರು, ‘ಸಾರ್, ಇವತ್ತು ನೀವು ಒಂಬತ್ತನೆಯವರು, ನಾನು ನೋಡಿದ್ದು ಕಾರಿನ ಇನ್ಶೂರೆನ್ಸ್’ ಎಂದು ಸಮಾಧಾನವಾಗಿಯೇ ಹೇಳಿದರು. 29 ಮಂದಿ ಎರಡು ಮಾತಾಡಿ ಯೋಚಿಸುತ್ತೇವೆ ಎಂದರು. ಕೊನೆಗೆ ಮುಖಾಮುಖಿ ಸಿಕ್ಕಿದ್ದು ನಾಲ್ಕು ಜನ, ಪಾಲಿಸಿ ತೆಗೆದುಕೊಂಡದ್ದು ಇಬ್ಬರು.

ಅಂದರೆ ಒಬ್ಬೊಬ್ಬ ಗಿರಾಕಿ ಸಿಗುವ ಹೊತ್ತಿಗೆ ನನ್ನ ಜೇಬಿನಿಂದ 9,000 ರೂಪಾಯಿ ಹೋಗಿತ್ತು. ಅಧ್ಯಕ್ಷರು ಈ ಅಂಕಿಯ ಮೇಲೆ ದಯವಿಟ್ಟು ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಪತ್ರದ ತಿರುಳು ಇಲ್ಲಿದೆ. ಇಬ್ಬರಲ್ಲಿ ಮೊದಲನೆಯವರು ಟರ್ಮ್ ಪ್ಲಾನ್, ಅಂದರೆ ಉಳಿತಾಯವಿಲ್ಲದೆ ಜೀವಕ್ಕೆ ರಕ್ಷಣೆ ಮಾತ್ರ ಕೊಡುವ ಪಾಲಿಸಿ, ತೆಗೆದುಕೊಂಡರು. ಅವರ ವರ್ಷದ ಪ್ರೀಮಿಯಂ ಸುಮಾರು 12,000 ರೂಪಾಯಿ, ನನಗೆ ಸಿಕ್ಕ ಕಮಿಷನ್ 3,600. ಎರಡನೆಯವರು ಪೀಣ್ಯದ ಕಾರ್ಖಾನೆಯೊಂದರ ಸೂಪರ್‌ವೈಸರ್, ಎರಡು ಚಿಕ್ಕ ಮಕ್ಕಳ ತಂದೆ. ಅವರಿಗೂ ಬೇಕಿದ್ದದ್ದು ಟರ್ಮ್ ಪ್ಲಾನೇ. ಆದರೆ ಅವರ ಮನೆಯ ಸೋಫಾದ ಮೇಲೆ ಕುಳಿತಿದ್ದ ನನ್ನ ತಲೆಯಲ್ಲಿ 18,000 ರೂಪಾಯಿ ಕುಳಿತಿತ್ತು. ಒಂದು ಲಕ್ಷ ರೂಪಾಯಿ ವಾರ್ಷಿಕ ಪ್ರೀಮಿಯಂ ಇರುವ ಉಳಿತಾಯದ ಪಾಲಿಸಿಯನ್ನು ಅವರಿಗೆ ಒಪ್ಪಿಸಿಬಿಟ್ಟೆ. ನಾನು ಸುಳ್ಳು ಹೇಳಲಿಲ್ಲ, ಕಾಗದದಲ್ಲಿರುವುದನ್ನೇ ಹೇಳಿದೆ, ಆದರೆ ಹೇಳಬೇಕಾದ ಕ್ರಮದಲ್ಲಿ ಹೇಳಲಿಲ್ಲ. ಅವರು 24ನೇ ದಿನ ಪಾಲಿಸಿ ರದ್ದು ಮಾಡಿದರು. ಪಾಲಿಸಿ ಬೇಡವೆನಿಸಿದರೆ ಹಿಂದಿರುಗಿಸಲು ಸಾಮಾನ್ಯವಾಗಿ 15 ದಿನವಿದ್ದ ಫ್ರೀ ಲುಕ್ ಅವಧಿಯನ್ನು ತಾವು 2024ರಲ್ಲಿ 30 ದಿನಕ್ಕೆ ಏರಿಸಿದ್ದರಿಂದಲೇ ಆ ಕುಟುಂಬದ ಹಣ ವಾಪಸಾಯಿತು. ನನ್ನ ಕಮಿಷನ್ನನ್ನು ಕಂಪನಿ ಹಿಂದಕ್ಕೆ ಪಡೆಯಿತು. ಆ ರದ್ದತಿ ನ್ಯಾಯವಾಗಿತ್ತು ಎಂದು ಇಲ್ಲಿ ಎಲ್ಲರ ಎದುರು ಒಪ್ಪಿಕೊಳ್ಳುತ್ತೇನೆ. ಕೊನೆಯ ಲೆಕ್ಕದಲ್ಲಿ ನನಗಾದ ನಷ್ಟ 14,400 ರೂಪಾಯಿ.

ತಪ್ಪು ಪಾಲಿಸಿ ಮಾರಾಟದ ಬಗ್ಗೆ ಮಾತು ಬಂದಾಗಲೆಲ್ಲ ಏಜೆಂಟನ ದುರಾಸೆಯೇ ಕಾರಣ ಎಂದು ಬರೆಯಲಾಗುತ್ತದೆ. ದುರಾಸೆ ಇಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಮಾತುಕತೆ ಶುರುವಾಗುವ ಮೊದಲೇ 9,000 ರೂಪಾಯಿ ಸಾಲದಲ್ಲಿರುವ ಮನುಷ್ಯ, ಅಗ್ಗದ ಹಾಗೂ ಸರಿಯಾದ ಪಾಲಿಸಿಯನ್ನು ಶಿಫಾರಸು ಮಾಡಿದರೆ ತಾನೇ ಕೈಯಿಂದ ಕಳೆದುಕೊಳ್ಳಬೇಕಾದ ಸ್ಥಿತಿಯಲ್ಲಿ, ಎದುರಿಗಿರುವವರಿಗೆ ಎಂಥ ಸಲಹೆ ಕೊಟ್ಟಾನು? ಲೀಡಿನ ಬೆಲೆ ಕಂಪನಿಯ ಯಾವ ಲೆಕ್ಕದಲ್ಲೂ ಕಾಣುವುದಿಲ್ಲ. 2023ರ ಏಪ್ರಿಲ್ 1ರಿಂದ ಒಂದೊಂದು ಬಗೆಯ ಪಾಲಿಸಿಗೆ ಇಷ್ಟೇ ಕಮಿಷನ್ ಎಂಬ ಮಿತಿಯನ್ನು ತಾವು ತೆಗೆದು, ಕಂಪನಿಯ ಒಟ್ಟು ನಿರ್ವಹಣಾ ವೆಚ್ಚಕ್ಕೆ ಮಿತಿ ಇಟ್ಟಿರಿ. ಗಿರಾಕಿಯನ್ನು ಹುಡುಕುವ ಖರ್ಚು ಏಜೆಂಟನ ಜೇಬಿಗೆ ಜಾರಿದ ಮೇಲೆ ಅದು ಆ ಮಿತಿಯ ಲೆಕ್ಕಕ್ಕೂ ಬರುವುದಿಲ್ಲ, ತಮ್ಮ ಕಣ್ಣಿಗೂ ಬೀಳುವುದಿಲ್ಲ. ನನಗೆ ಆ ಮಾರಾಟಗಾರನ ನಂಬರ್ ಸಿಕ್ಕಿದ್ದು ಬ್ರಾಂಚಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ‘ಆಸಕ್ತರು ನೇರವಾಗಿ ಮಾತಾಡಿಕೊಳ್ಳಿ’ ಎಂಬ ಒಂದು ಸಾಲು ಅದರ ಕೆಳಗಿತ್ತು. ನಾಳೆ ಯಾರಾದರೂ ಕೇಳಿದರೆ, ನಾವು ಕೊಳ್ಳಲು ಹೇಳಿಯೇ ಇಲ್ಲ ಎನ್ನುವುದಕ್ಕೆ ಆ ಸಾಲು ಸಾಕು.

ಇಷ್ಟಕ್ಕೇ ನಿಂತಿದ್ದರೆ ನಷ್ಟ ನುಂಗಿಕೊಂಡು ಸುಮ್ಮನಿರುತ್ತಿದ್ದೆ. ಎರಡನೇ ಸಲ ಅದೇ ಮಾರಾಟಗಾರ, ಹಿಂದಿನ ನಷ್ಟ ತುಂಬಿಕೊಡುತ್ತೇನೆಂದು, ‘ರಿನೀವಲ್ ಡೇಟಾ’ ಎಂಬ ಹೆಸರಿನ ಎಕ್ಸೆಲ್ ಹಾಳೆಯೊಂದನ್ನು ಪುಕ್ಕಟೆ ಕಳಿಸಿದ. ಹೆಸರು, ನಂಬರ್, ಪಿನ್ ಕೋಡ್, ಪ್ರೀಮಿಯಂ ಮೊತ್ತ, ನವೀಕರಣದ ತಿಂಗಳು, ಹೀಗೆ ಐದು ಕಾಲಂ. ಶ್ರೀನಗರದ ಪಿನ್ ಕೋಡ್ ಹುಡುಕುತ್ತಿದ್ದಾಗ ನನ್ನದೇ ಪಾಲಿಸಿದಾರರೊಬ್ಬರ ಹೆಸರು ಕಣ್ಣಿಗೆ ಬಿತ್ತು. ಅವರು ನಿವೃತ್ತ ಶಾಲಾ ಶಿಕ್ಷಕಿ. ಅವರ ಇನಿಷಿಯಲ್ ಎಲ್. 2019ರಲ್ಲಿ ಪ್ರಪೋಸಲ್ ಫಾರಂ, ಅಂದರೆ ಪಾಲಿಸಿಯ ಅರ್ಜಿ, ತುಂಬುವಾಗ ನಾನು ಆ ಅಕ್ಷರವನ್ನು ಅವಸರದಲ್ಲಿ ಗೀಚಿದ್ದು ಐ ಎಂಬಂತೆ ಕಂಡು, ಪಾಲಿಸಿ ಬಾಂಡ್ ತಪ್ಪಾಗಿ ಅಚ್ಚಾಗಿ ಬಂದಿತ್ತು. ತಿದ್ದುಪಡಿಗೆ ಅರ್ಜಿ ಹಾಕಿ, ಬ್ರಾಂಚಿಗೆ ನಾಲ್ಕು ಸಲ ಅಲೆದು ಸರಿಮಾಡಿಸಿದವನೂ ನಾನೇ. ಅವರ ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಿಂಚಣಿ ಕಾಗದ ಯಾವುದರಲ್ಲೂ ಆ ತಪ್ಪಿಲ್ಲ. ಮಾರಾಟಗಾರನ ಹಾಳೆಯಲ್ಲಿ ಮಾತ್ರ ಇನಿಷಿಯಲ್ ಐ ಎಂದೇ ಇತ್ತು. ಪ್ರೀಮಿಯಂ ಮೊತ್ತ ರೂಪಾಯಿಯ ಮಟ್ಟಿಗೆ ಸರಿಯಾಗಿತ್ತು.

ಆ ಹೆಸರು ಯಾವ ಜಾಹೀರಾತಿನ ಫಾರಂನಿಂದಲೂ ಬಂದದ್ದಲ್ಲ. ನಾನು ಕೈಯಾರೆ ಬರೆದ ಫಾರಂ ಯಾವ ದಾರಿಯಲ್ಲಿ ಹೋಯಿತೋ ಅದೇ ದಾರಿಯಲ್ಲಿ ಎಲ್ಲಿಂದಲೋ ಸೋರಿ ಬಂದದ್ದು. ಯಾರ ಮೇಲೂ ನಾನು ಬೊಟ್ಟು ಮಾಡುತ್ತಿಲ್ಲ, ಏಕೆಂದರೆ ಒಂದು ಪ್ರಪೋಸಲ್ ಫಾರಂ ಎಷ್ಟು ಕೈ ದಾಟುತ್ತದೆ ಎಂಬುದು ಈ ಕಸುಬಿನವರಿಗೆ ಗೊತ್ತು. ಬ್ರಾಂಚಿನ ಕೌಂಟರ್, ಡೇಟಾ ಎಂಟ್ರಿ ಗುತ್ತಿಗೆದಾರರು, ಬಾಂಡ್ ಅಚ್ಚು ಹಾಕುವವರು, ಕೊರಿಯರ್, ಪ್ರೀಮಿಯಂ ನೆನಪಿಸಲು ಫೋನ್ ಮಾಡುವ ಕಾಲ್ ಸೆಂಟರ್, ಕೊನೆಗೆ ಏಜೆಂಟನೂ ಸೇರಿದಂತೆ. ಆ ಶಿಕ್ಷಕಿಯವರಿಗೆ ಅದಕ್ಕೂ ಎರಡು ತಿಂಗಳ ಹಿಂದೆ ಒಂದು ಕರೆ ಬಂದಿತ್ತು. ನಿಮ್ಮ ಪಾಲಿಸಿಗೆ ಬೋನಸ್ ಬಂದಿದೆ, ಬಿಡುಗಡೆಯಾಗಬೇಕಾದರೆ ಮೊದಲು ಇಷ್ಟು ಕಟ್ಟಬೇಕು, ನಾವು ಹೈದರಾಬಾದಿನ ವಿಮಾ ಪ್ರಾಧಿಕಾರದಿಂದ ಮಾತಾಡುತ್ತಿದ್ದೇವೆ ಎಂದು. ಪ್ರಾಧಿಕಾರ ಪಾಲಿಸಿ ಮಾರುವುದಿಲ್ಲ, ಬೋನಸ್ ಹಂಚುವುದಿಲ್ಲ ಎಂದು ತಾವು ಮತ್ತೆ ಮತ್ತೆ ಪ್ರಕಟಣೆ ಕೊಟ್ಟಿದ್ದೀರಿ. ಆದರೆ ಕರೆ ಮಾಡಿದವನು ಪ್ರೀಮಿಯಂ ಮೊತ್ತವನ್ನೂ ಕಟ್ಟಬೇಕಾದ ತಿಂಗಳನ್ನೂ ಕರಾರುವಾಕ್ಕಾಗಿ ಹೇಳಿದರೆ 67 ವರ್ಷದ ಹೆಂಗಸು ಯಾರನ್ನು ನಂಬಬೇಕು? ಅವರು ಹಣ ಕಟ್ಟಲಿಲ್ಲ, ನನಗೆ ಫೋನ್ ಮಾಡಿದರು. ‘ಏನಪ್ಪಾ, ನಿನಗೆ ಕೊಟ್ಟ ನಂಬರ್ ಅವರಿಗೆ ಹೇಗೆ ಹೋಯಿತು?’ ಎಂದು ಕೇಳಿದರು. ಗೊತ್ತಿಲ್ಲಮ್ಮ ಎಂದಿದ್ದೆ. ಆ ಹಾಳೆ ನೋಡಿದ ಮೇಲೆ ಅವರ ಮನೆಯ ಮುಂದೆ ಹಾದುಹೋಗುವಾಗ ಸ್ಕೂಟರ್ ನಿಧಾನ ಮಾಡಲು ಹಿಂಜರಿಕೆಯಾಗುತ್ತದೆ.

ಈಗ ಕಾನೂನಿನ ಪ್ರಶ್ನೆಗೆ ಬರುತ್ತೇನೆ. 1938ರ ವಿಮಾ ಕಾಯ್ದೆಯ 40ನೇ ಕಲಮಿನ ಪ್ರಕಾರ, ವಿಮಾ ವ್ಯವಹಾರ ದೊರಕಿಸಿಕೊಟ್ಟದ್ದಕ್ಕೆ ಕಮಿಷನ್ ರೂಪದಲ್ಲಾಗಲಿ ಬೇರೆ ರೂಪದಲ್ಲಾಗಲಿ ಪ್ರತಿಫಲವನ್ನು ಏಜೆಂಟರು ಮತ್ತು ಮಾನ್ಯತೆಯುಳ್ಳ ಮಧ್ಯವರ್ತಿಗಳನ್ನು ಬಿಟ್ಟು ಇನ್ನಾರಿಗೂ ಕೊಡುವಂತಿಲ್ಲ. ಪ್ರೀಮಿಯಂಗಳನ್ನು ಹೋಲಿಸಿ ತೋರಿಸುವ ಜಾಲತಾಣಗಳಿಗೆ ತಾವು 2017ರಲ್ಲಿ ವೆಬ್ ಅಗ್ರಿಗೇಟರ್ ನಿಯಮಾವಳಿ ಮಾಡಿ ನೋಂದಣಿಯನ್ನು ಕಡ್ಡಾಯವಾಗಿಸಿದ್ದೀರಿ. ನನ್ನಂಥ ಏಜೆಂಟ್ ತರಬೇತಿ ಪಡೆಯಬೇಕು, ಪರೀಕ್ಷೆ ಪಾಸಾಗಬೇಕು, ಗಿರಾಕಿಗೆ ಗುರುತಿನ ಚೀಟಿ ತೋರಿಸಬೇಕು, ಕೇಳಿದರೆ ಕಮಿಷನ್ ಎಷ್ಟೆಂದೂ ಹೇಳಬೇಕು. ಹಾಗಾದರೆ ಇವರೆಲ್ಲರಿಗಿಂತ ಮೊದಲು ಗಿರಾಕಿಯ ಹತ್ತಿರ ಹೋಗಿ, ವಿಮೆಯ ಆಸೆ ತೋರಿಸಿ, ಹೆಸರು ನಂಬರ್ ಪಡೆದು ಮಾರುವವನನ್ನು ತಾವು ಯಾವ ಸಾಲಿನಲ್ಲಿ ನಿಲ್ಲಿಸುತ್ತೀರಿ? ಅವನ ಬಿಲ್ಲಿನ ಮೇಲೆ ‘ಡಿಜಿಟಲ್ ಮಾರ್ಕೆಟಿಂಗ್ ಸೇವೆ’ ಎಂದು ಬರೆದಿರುತ್ತದೆ. ನಾನು ಅವನಿಗೆ ಕೊಟ್ಟ 18,000 ರೂಪಾಯಿ ಜಾಹೀರಾತಿನ ಖರ್ಚೇ, ಇಲ್ಲ 40ನೇ ಕಲಮು ಹೇಳುವ ಪ್ರತಿಫಲವೇ? ಪ್ರತಿಫಲವೇ ಆಗಿದ್ದರೆ ಈ ಪತ್ರದಲ್ಲಿ ನಾನು ನನ್ನ ಮೇಲೆಯೇ ದೂರು ಬರೆದುಕೊಂಡಂತಾಯಿತು. ಇರಲಿ, ಉತ್ತರವಾದರೂ ಸ್ಪಷ್ಟವಾಗಲಿ.

ಉಳಿದ ಕಾನೂನುಗಳ ಹೊರೆಯನ್ನೂ ಮಾರಾಟಗಾರ ಕೊಂಡವನ ಹೆಗಲಿಗೇ ವರ್ಗಾಯಿಸುತ್ತಾನೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2018ರಲ್ಲಿ ಮಾಡಿದ ನಿಯಮಾವಳಿಯ ಪ್ರಕಾರ, ಪ್ರಚಾರದ ಕರೆ ಬೇಡವೆಂದು 1909 ಎಂಬ ನಂಬರಿನಲ್ಲಿ ನೋಂದಾಯಿಸಿದವರಿಗೆ ಏಜೆಂಟ್ ತನ್ನ ಸ್ವಂತ ಹತ್ತಂಕಿಯ ನಂಬರಿನಿಂದ ಕರೆ ಮಾಡಿ ದೂರು ಬಂದರೆ ಅವನ ಸಿಮ್ಮೇ ಬಂದ್ ಆಗಬಹುದು. ನನ್ನ ಮಾರಾಟಗಾರನ ಷರತ್ತುಗಳಲ್ಲಿ, ಡಿಎನ್‌ಡಿ (ಪ್ರಚಾರದ ಕರೆ ಬೇಡವೆಂದವರ ಪಟ್ಟಿ) ಪರಿಶೀಲನೆ ಖರೀದಿದಾರರ ಹೊಣೆ ಎಂದು ಸಣ್ಣ ಅಕ್ಷರದಲ್ಲಿ ಇತ್ತು. ನೋಂದಣಿ ಇಲ್ಲದವನು ಸುರಕ್ಷಿತ, ನೇಮಕಾತಿ ಪತ್ರವಿರುವವನು ಅಪರಾಧಿ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿರುವುದು 2023ರಲ್ಲಿ. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮುಖ್ಯ ಕರ್ತವ್ಯಗಳು ಜಾರಿಗೆ ಬರಲು ಆ ನಿಯಮಗಳೇ 18 ತಿಂಗಳ ಅವಕಾಶ ಕೊಟ್ಟಿವೆ. ಒಪ್ಪಿಗೆ ಎಂಬುದು ಒತ್ತಾಯವಿಲ್ಲದ, ನಿರ್ದಿಷ್ಟ ಉದ್ದೇಶದ, ತಿಳಿದು ಕೊಟ್ಟ ಒಪ್ಪಿಗೆಯಾಗಿರಬೇಕು ಎಂದು ಕಾಯ್ದೆ ಹೇಳುತ್ತದೆ. ಮೊದಲೇ ಟಿಕ್ ಬಿದ್ದ ಚೌಕ ಅದರ ಮುಂದೆ ನಿಲ್ಲಲಾರದು. ನೋಟಿಸನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಇರಬೇಕೆಂದೂ ಅದರಲ್ಲಿದೆ, ಅಂದರೆ ಕನ್ನಡದಲ್ಲೂ. ಆದರೆ ಈ 18 ತಿಂಗಳು ಲೀಡ್ ಮಾರುಕಟ್ಟೆಗೆ ಆಷಾಢದ ರಿಯಾಯಿತಿ ಮಾರಾಟದ ಹಾಗಾಗಿದೆ. ‘ಕಾನೂನು ಬಿಗಿಯಾಗೋ ಮುಂಚೆ ತಗೊಂಡ್ಬಿಡಿ ಸಾರ್, ಆಮೇಲೆ ರೇಟ್ ಡಬಲ್’ ಎಂದು ನನಗೆ ಕರೆ ಬಂದಿದೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅವರು ಇದ್ದ ಊರಿನಲ್ಲೇ ಒಂದು ಮನುಷ್ಯನ ಹೆಸರಿಗೆ 90 ರೂಪಾಯಿ ಬೆಲೆ ನಡೆಯುತ್ತಿದೆ.

ಲೀಡ್ ಮಾರಾಟವನ್ನೇ ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ನಿಷೇಧಿಸಿದರೆ ಅದು ವಾಟ್ಸ್‌ಆ್ಯಪ್‌ನ ಇನ್ನೂ ಕತ್ತಲಿನ ಮೂಲೆಗೆ ಸರಿಯುತ್ತದೆ, ಪರಿಚಯದ ಪಟ್ಟಿ ಮುಗಿದ ಹೊಸ ಏಜೆಂಟನಿಗೆ ಬೇರೆ ದಾರಿಯೂ ಕಾಣುವುದಿಲ್ಲ. ನಿಜವಾಗಿ ಪಾಲಿಸಿ ಬೇಕೆಂದು ಕೇಳಿದವರನ್ನು ಪ್ರಾಮಾಣಿಕವಾಗಿ ಜೋಡಿಸಿಕೊಡುವವರಿದ್ದರೆ ಅವರಿಗೆ ಹಣ ಕೊಡಲು ನಾನು ಈಗಲೂ ಸಿದ್ಧ. ನಾನು ಕೇಳುವುದು, ಪ್ರತಿ ಲೀಡಿನ ಜೊತೆಗೂ ಅದರ ಹುಟ್ಟಿನ ದಾಖಲೆ ಬರಬೇಕು ಎಂದು. ಯಾವ ದಿನ, ಯಾವ ಪುಟದಲ್ಲಿ, ಯಾವ ಮಾತುಗಳನ್ನು ಓದಿ, ಯಾವ ಭಾಷೆಯಲ್ಲಿ ಆ ವ್ಯಕ್ತಿ ಒಪ್ಪಿಗೆ ಕೊಟ್ಟರು, ಈವರೆಗೆ ಅದನ್ನು ಎಷ್ಟು ಜನಕ್ಕೆ ಮಾರಲಾಗಿದೆ ಎಂಬುದು ಅದರಲ್ಲಿರಬೇಕು. ನನ್ನ ನಂಬರ್ ನಿಮಗೆ ಯಾರು ಕೊಟ್ಟರು ಎಂದು ಗಿರಾಕಿ ಕೇಳಿದ ಕೂಡಲೇ ನಾನು ಅದನ್ನು ಓದಿ ಹೇಳುವಂತಿರಬೇಕು. ಹೇಳಲಾಗದಿದ್ದರೆ ಆ ಕರೆ ಮಾಡುವ ಹಕ್ಕು ನನಗಿರಬಾರದು. ಈ ದಾಖಲೆ ಇಟ್ಟುಕೊಳ್ಳಲು ಒಪ್ಪುವ ಮಾರಾಟಗಾರರು ತಮ್ಮಲ್ಲಿ ನೋಂದಾಯಿಸಿಕೊಳ್ಳಲಿ. ನೋಂದಣಿ ಇಲ್ಲದವರಿಂದ ಕೊಂಡ ಏಜೆಂಟನಿಗೂ, ಕೊಳ್ಳುವಂತೆ ಸೂಚಿಸಿದ ಬ್ರಾಂಚಿಗೂ ಒಂದೇ ಅಳತೆಯ ದಂಡ ಬೀಳಲಿ. ಏಜೆಂಟರು ಲೀಡಿಗೆ ಸುರಿದ ಹಣವನ್ನು ಕಂಪನಿಗಳು ವರ್ಷಕ್ಕೊಮ್ಮೆ ಕೇಳಿ ತಿಳಿದು ತಮಗೆ ವರದಿ ಮಾಡಲಿ.

ಇನ್ನೊಂದು ಕೋರಿಕೆ ಇದೆ, ಅದು ನನಗೆ ಹೆಚ್ಚು ಮುಖ್ಯ. ಪಾಲಿಸಿದಾರರು ದೂರು ಕೊಡಲು ಬಿಮಾ ಭರೋಸಾ ಜಾಲತಾಣ ಇದೆ, 155255 ಸಹಾಯವಾಣಿ ಇದೆ, ಇಲ್ಲೇ ಜೆ.ಪಿ. ನಗರದ ಜೀವನ ಸೌಧದಲ್ಲಿ ಶುಲ್ಕವಿಲ್ಲದೆ ವಿಚಾರಣೆ ಮಾಡುವ ವಿಮಾ ಒಂಬುಡ್ಸ್‌ಮನ್ ಕಚೇರಿಯೂ ಇದೆ. ಆದರೆ ತನ್ನ ಪಾಲಿಸಿದಾರರ ವಿವರ ಮಾರುಕಟ್ಟೆಯಲ್ಲಿ ಮಾರಾಟವಾಗುತ್ತಿರುವುದನ್ನು ಕಣ್ಣಾರೆ ಕಂಡ ಏಜೆಂಟ್ ಹೋಗಬೇಕಾದ ಬಾಗಿಲು ಯಾವುದು? ಕಂಪನಿಗೆ ಹೇಳಿದರೆ ಮೊದಲ ಪ್ರಶ್ನೆ, ಆ ಹಾಳೆ ನಿನ್ನ ಕೈಗೆ ಹೇಗೆ ಬಂತು ಎಂಬುದು. ನನ್ನ ಬ್ರಾಂಚಿನಲ್ಲಿ ನಾನು ಬಾಯಿಬಿಟ್ಟಾಗ ಸಿಕ್ಕ ಉತ್ತರವೂ ಅದೇ, ಜೊತೆಗೆ ಒಂದು ಕಾಫಿ. ಏಜೆನ್ಸಿ ಕಳೆದುಕೊಳ್ಳುವ ಭಯವಿಲ್ಲದೆ ಸೋರಿಕೆಯನ್ನು ನೇರವಾಗಿ ಪ್ರಾಧಿಕಾರಕ್ಕೆ ತಿಳಿಸುವ ವ್ಯವಸ್ಥೆಯನ್ನು ತಾವು ಮಾಡಬೇಕು. 2047ರ ಹೊತ್ತಿಗೆ ಎಲ್ಲರಿಗೂ ವಿಮೆ ಎಂಬ ಗುರಿಯನ್ನು ತಾವೇ ಇಟ್ಟಿದ್ದೀರಿ. ವಿಮೆ ಎಂಬ ಮಾತು ಕೇಳಿದ ಕೂಡಲೇ 68 ಜನ ಫೋನ್ ಕತ್ತರಿಸುವ ಊರಿನಲ್ಲಿ ಆ ಗುರಿಯ ಕಡೆಗೆ ನಡೆಯಬೇಕಾದವರು ನಾವು.

ಮಾರಾಟಗಾರ ಕಳಿಸಿದ ಹಾಳೆಯಿಂದ ನಾನು ಒಂದು ಕರೆಯನ್ನೂ ಮಾಡಿಲ್ಲ. ಫೋನಿನಿಂದ ಅದನ್ನು ಅಳಿಸಿ, ಒಂದು ಪ್ರತಿಯನ್ನು ಪೆನ್ ಡ್ರೈವಿನಲ್ಲಿ ಹಾಕಿ, ಹಣ ಪಾವತಿಯ ರಸೀದಿ ಮತ್ತು 200 ಕರೆಗಳ ಲೆಕ್ಕದ ಪುಸ್ತಕದೊಂದಿಗೆ ಅರಗಿನ ಮುದ್ರೆ ಹಾಕಿದ ಲಕೋಟೆಯಲ್ಲಿ ಇಟ್ಟಿದ್ದೇನೆ. ತಾವು ನೇಮಿಸುವ ಅಧಿಕಾರಿ ಬೆಂಗಳೂರಿನಲ್ಲಿ ಎಲ್ಲಿ ಕರೆದರೂ ಬಂದು ಒಪ್ಪಿಸುತ್ತೇನೆ. ಅಲ್ಲಿಗೆ ಬರುವ ಮೊದಲು ಶ್ರೀನಗರದ ಆ ಶಿಕ್ಷಕಿಯವರ ಮನೆಗೆ ಹೋಗಿ, ಅವರ ಹೆಸರು ಆ ಲಕೋಟೆಯಲ್ಲಿರುವುದನ್ನು ಹೇಳಿ, ಅವರ ಅನುಮತಿ ಕೇಳಿಕೊಂಡು ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಿಮಾ ಏಜೆಂಟ್,
ಬಸವನಗುಡಿ, ಬೆಂಗಳೂರು